ಎಂಟು ತಿಂಗಳಲ್ಲಿ ಮನೆ ಮುಗಿಯುತ್ತೆ ಅನ್ನುವವರಿಗೆ ಹೇಗೆ ಹೇಳೋದು?

ನಿಮ್ಮ ಯಜಮಾನರು ಕೆಂಗೇರಿ ಹತ್ತಿರ ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಶುರು ಮಾಡಿದ್ದಾರೆ, ಎಂಟೇ ತಿಂಗಳಲ್ಲಿ ಗೃಹಪ್ರವೇಶ ಅನ್ನುತ್ತಾರೆ, ತಡವಾದರೆ ಏನು ಗತಿ ಎಂದರೆ "ಅಪಶಕುನ ನುಡಿಯಬೇಡ" ಅನ್ನುತ್ತಾರೆ, ಇದು ಆತ್ಮವಿಶ್ವಾಸವೋ ಭ್ರಮೆಯೋ ಎಂದು ಕೇಳಿದ್ದೀರಿ. ನಾನೂ ಮನೆಯಲ್ಲಿ ಇದೇ ಮಾತು ಆಡಿದವನು. ಉತ್ತರಹಳ್ಳಿ ಕಡೆ ಮನೆ ಕಟ್ಟಿಸುವಾಗ ನನ್ನ ಲೆಕ್ಕ ಒಂಬತ್ತು ತಿಂಗಳು. ಹಿಡಿದದ್ದು ಹತ್ತೊಂಬತ್ತು.

ನಮ್ಮ ಬೀದಿಯಲ್ಲೇ ಆಗ ನಾಲ್ಕು ಮನೆ ಕಟ್ಟಿ ಮುಗಿದಿದ್ದವು. ಒಂದೂ ವರ್ಷದೊಳಗೆ ಆಗಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಒಂದೊಂದಕ್ಕೂ ಒಂದೊಂದು ಕಾರಣ ಹಚ್ಚಿಟ್ಟಿದ್ದೆ: ಅವರ ಮೇಸ್ತ್ರಿ ಸರಿ ಇರಲಿಲ್ಲ, ಇವರಿಗೆ ಬ್ಯಾಂಕಿನ ದುಡ್ಡು ತಡವಾಯಿತು, ಇನ್ನೊಬ್ಬರು ನಡುವೆ ಪ್ಲಾನ್ ಬದಲಾಯಿಸಿದರು. ನನ್ನ ಮೇಸ್ತ್ರಿ ಒಳ್ಳೆಯವನು, ದುಡ್ಡು ಕೈಯಲ್ಲಿದೆ, ಪ್ಲಾನ್ ಗಟ್ಟಿ. ಆಮೇಲೆ ಬೋರ್‌ವೆಲ್ ಬತ್ತಿತು. ಸೆಂಟ್ರಿಂಗ್ ಹುಡುಗರು ಯುಗಾದಿಗೆ ಊರಿಗೆ ಹೋದವರು ತಿಂಗಳಾದರೂ ಬರಲಿಲ್ಲ. ಮೋಲ್ಡ್ ಹಾಕಬೇಕಾದ ವಾರವೇ ಮಳೆ ಹಿಡಿಯಿತು. ಆ ನಾಲ್ಕು ಮನೆಗಳಿಗೆ ಆದದ್ದು ಯಾವುದೂ ನನಗಾಗಲಿಲ್ಲ, ಆದರೂ ತಡವಾಯಿತು.

ಹಾಗಾಗಿ ನಿಮ್ಮವರದು ಕಾಯಿಲೆಯಲ್ಲ. 1980ರಲ್ಲಿ ನೀಲ್ ವೈನ್‌ಸ್ಟೈನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 258 ಕಾಲೇಜು ವಿದ್ಯಾರ್ಥಿಗಳ ಮುಂದೆ ಬದುಕಿನಲ್ಲಿ ನಡೆಯಬಹುದಾದ 42 ಸಂಗತಿಗಳನ್ನಿಟ್ಟು, ಉಳಿದವರಿಗಿಂತ ನಿಮಗೆ ಇದಾಗುವ ಸಂಭವ ಹೆಚ್ಚೋ ಕಡಿಮೆಯೋ ಎಂದು ಕೇಳಿದ. ಒಳ್ಳೆಯದೆಲ್ಲ ತಮಗೇ ಹೆಚ್ಚು, ಕೆಟ್ಟದ್ದು ಬೇರೆಯವರಿಗೆ ಹೆಚ್ಚು ಎಂಬ ಕಡೆಗೇ ಉತ್ತರಗಳು ವಾಲಿದವು. ಆ ಪಟ್ಟಿಯಲ್ಲಿ ಸ್ವಂತ ಮನೆಯೂ ಇತ್ತು! ಎಲ್ಲರೂ ಎಲ್ಲರಿಗಿಂತ ಅದೃಷ್ಟವಂತರಾಗಲು ಆಗುವುದಿಲ್ಲ. ನಾವು ಪಡುವ ಎಚ್ಚರ ನಮಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ, ಪಕ್ಕದ ಮನೆಯವರು ಪಟ್ಟ ಎಚ್ಚರ ಕಾಣುವುದಿಲ್ಲ.

ಕೆಲಸದ ಅವಧಿಯ ಬಗ್ಗೆ 1994ರಲ್ಲಿ ಬಂದ ಕೆನಡಾದ ಅಧ್ಯಯನ ಓದಿದಾಗ ನನಗೆ ನನ್ನ ಮನೆಯೇ ನೆನಪಾಯಿತು. ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು ಸರಾಸರಿ ಸುಮಾರು 34 ದಿನ ಸಾಕೆಂದರು. ಎಲ್ಲವೂ ಕೆಟ್ಟರೆ ಎಷ್ಟು ಎಂದಾಗ ಸುಮಾರು 49 ಅಂದರು. ಹಿಡಿದದ್ದು 55 ದಿನಕ್ಕೂ ಹೆಚ್ಚು. ಅಂದರೆ ಅವರ ಕೆಟ್ಟ ಲೆಕ್ಕವೂ ಸಾಲಲಿಲ್ಲ.

ಈಗ ಅವರಿಗೆ ಹೇಗೆ ಹೇಳುವುದು. ವಾದಕ್ಕೆ ಇಳಿಯಬೇಡಿ. ಸಿಹಿ ಸುದ್ದಿಗೆ ಮನಸ್ಸು ಬೇಗ ಲೆಕ್ಕ ತಿದ್ದಿಕೊಳ್ಳುತ್ತದೆ, ಕಹಿ ಸುದ್ದಿಗೆ ಅಷ್ಟು ತಿದ್ದಿಕೊಳ್ಳುವುದಿಲ್ಲ ಎಂದು ಟಾಲಿ ಶಾರೊಟ್ ಎಂಬ ನರವಿಜ್ಞಾನಿಯ ತಂಡ 2011ರಲ್ಲಿ ತೋರಿಸಿದೆ. ನನ್ನ ಹೆಂಡತಿ ಬಾಯಿ ನೋಯುವಷ್ಟು ಹೇಳಿದ್ದಳು, ನಾನು ಕೇಳಲಿಲ್ಲ. ಆ ಎಂಟು ತಿಂಗಳ ಲೆಕ್ಕವನ್ನು ಸದ್ಯಕ್ಕೆ ಮುಟ್ಟದೆ, ಆಸುಪಾಸಿನಲ್ಲಿ ಈಚೆಗೆ ಮನೆ ಕಟ್ಟಿದ ನಾಲ್ಕೈದು ಜನರ ಹತ್ತಿರ ಇಬ್ಬರೂ ಹೋಗಿ ಎರಡೇ ಪ್ರಶ್ನೆ ಕೇಳಿ: ಪಾಯ ತೋಡಿದ್ದು ಯಾವಾಗ, ಒಲೆ ಹಚ್ಚಿದ್ದು ಯಾವಾಗ. ಯಾಕೆ ತಡವಾಯಿತು ಎಂದು ಮಾತ್ರ ಕೇಳಬೇಡಿ. ಕಾರಣ ಕಿವಿಗೆ ಬಿದ್ದ ಕೂಡಲೇ "ನಮಗೆ ಹಾಗಾಗಲ್ಲ" ಎಂಬ ಮಾತು ಹುಟ್ಟುತ್ತದೆ. "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದು ಹಿರಿಯರು ಅಂದದ್ದು ಇಂಥ ಎಷ್ಟೋ ಮನೆಗಳನ್ನು ನೋಡಿಯೇ.

ಅವರ ಉತ್ಸಾಹ ಮುರಿಯಬೇಡಿ, ಅದಿಲ್ಲದಿದ್ದರೆ ನಾನು ಪಾಯವನ್ನೇ ತೋಡಿಸುತ್ತಿರಲಿಲ್ಲ. ಅವರು ಎಂಟು ತಿಂಗಳೇ ಅನ್ನಲಿ. ನೀವು ಮಾತ್ರ ಈಗಿರುವ ಬಾಡಿಗೆ ಮನೆಯ ಓನರ್‌ಗೆ ಖಾಲಿ ಮಾಡುವ ತಾರೀಖು ಕೊಡಬೇಡಿ. ಸಾಲದ ಕಂತು, ಬಾಡಿಗೆ ಎರಡನ್ನೂ ಒಟ್ಟಿಗೆ ಕಟ್ಟಲು ಹದಿನೆಂಟು ತಿಂಗಳ ದುಡ್ಡು ಬೇರೆ ಎತ್ತಿಡಿ. ನಾವು ಹತ್ತು ತಿಂಗಳಿಗೇ ಎತ್ತಿಟ್ಟಿದ್ದೆವು. ಹನ್ನೊಂದನೇ ತಿಂಗಳು ಅವಳ ಬಳೆ ಅಡವಿಡಬೇಕಾಯಿತು.