ಕುಬರ್ನೆಟೀಸ್ ಕ್ಲಸ್ಟರನ್ನು ಟರ್ಮಿನಲ್‌ನಿಂದಲೇ ನಿರ್ವಹಿಸಲು ಕೆ9ಎಸ್ ಎಷ್ಟು ಉಪಯುಕ್ತ?

ಕಂಟೇನರುಗಳನ್ನು, ಅಂದರೆ ಪ್ರತ್ಯೇಕವಾಗಿ ಕಟ್ಟಿಟ್ಟ ಅನ್ವಯಗಳನ್ನು, ಯಂತ್ರಗಳ ಗುಂಪಿನಲ್ಲಿ (ಕ್ಲಸ್ಟರಿನಲ್ಲಿ) ನಡೆಸುವ ವ್ಯವಸ್ಥೆ ಕುಬರ್ನೆಟೀಸ್; ಅದನ್ನು ಟರ್ಮಿನಲ್ ಪರದೆಯಲ್ಲೇ ನೋಡಿ ನಿರ್ವಹಿಸುವ ಸಾಧನ ಕೆ9ಎಸ್. ಇದನ್ನು ಬಳಸಲು ಕ್ಲಸ್ಟರಿನೊಳಗೆ ಏನನ್ನೂ ಅಳವಡಿಸಬೇಕಾಗಿಲ್ಲ. ಕುಬರ್ನೆಟೀಸಿನ ಆಜ್ಞಾ ಸಾಧನವಾದ ಕ್ಯೂಬ್‌ಸಿಟಿಎಲ್ ಬಳಸುವ ಕ್ಯೂಬ್‌ಕಾನ್ಫಿಗ್ ಕಡತವನ್ನೇ (ಸಂಪರ್ಕದ ವಿವರಗಳಿರುವ ಕಡತ) ಓದಿಕೊಂಡು, ನಿಮ್ಮ ಖಾತೆಗಿರುವ ಅನುಮತಿಗಳ ಮಿತಿಯಲ್ಲೇ ಕ್ಲಸ್ಟರಿಗೆ ಬರುವ ಕೋರಿಕೆಗಳನ್ನು ಸ್ವೀಕರಿಸುವ ಎಪಿಐ ಸರ್ವರನ್ನು ಸಂಪರ್ಕಿಸಿ, ಪಾಡ್ (ಕಂಟೇನರುಗಳಿರುವ ಘಟಕ), ಡಿಪ್ಲಾಯ್‌ಮೆಂಟ್ (ನಿಗದಿತ ಸಂಖ್ಯೆಯ ಪಾಡ್‌ಗಳನ್ನು ಕಾಯ್ದುಕೊಳ್ಳುವ ವ್ಯವಸ್ಥೆ) ಮುಂತಾದವುಗಳ ಸ್ಥಿತಿಯನ್ನು ಅದು ಪರದೆಯ ಮೇಲೆ ನಿರಂತರವಾಗಿ ತೋರಿಸುತ್ತದೆ. ಕೋಲನ್ ಒತ್ತಿ ಸಂಪನ್ಮೂಲದ ಹೆಸರನ್ನು ಬರೆದರೆ ಅದರ ಪಟ್ಟಿ ತೆರೆದುಕೊಳ್ಳುತ್ತದೆ.

ಇದರ ನಿಜವಾದ ಪ್ರಯೋಜನ ತಿಳಿಯುವುದು ದೋಷ ಹುಡುಕುವಾಗ. ಒಂದು ಪಾಡ್ ಕ್ರ್ಯಾಶ್‌ಲೂಪ್‌ಬ್ಯಾಕ್‌ಆಫ್ ಸ್ಥಿತಿಯಲ್ಲಿದೆ, ಅಂದರೆ ಅದರ ಕಂಟೇನರ್ ಮತ್ತೆ ಮತ್ತೆ ಕುಸಿದು ಮರುಪ್ರಾರಂಭವಾಗುತ್ತಿದೆ ಎಂದುಕೊಳ್ಳಿ. 'ಎಲ್' ಕೀಲಿ ಒತ್ತಿದರೆ ಈಗಿನ ಕಂಟೇನರಿನ ಲಾಗ್ ಬರುತ್ತದೆ. ಆದರೆ ಅದು ಆಗಷ್ಟೇ ಮರುಪ್ರಾರಂಭವಾಗಿದ್ದರೆ ಅಲ್ಲಿ ಹೆಚ್ಚೇನೂ ಸಿಗುವುದಿಲ್ಲ, ಆದ್ದರಿಂದ ಹಿಂದೆ ಸತ್ತ ಕಂಟೇನರಿನ ಲಾಗ್ ತೋರಿಸುವ 'ಪಿ' ಕೀಲಿಯನ್ನೇ ಒತ್ತಬೇಕು. 'ಡಿ' ಒತ್ತಿದಾಗ ಬರುವ ವಿವರದಲ್ಲಿ ಓಓಎಂಕಿಲ್ಡ್ ಎಂಬ ಕಾರಣವೂ 137 ಎಂಬ ನಿರ್ಗಮನ ಸಂಕೇತವೂ ಕಂಡರೆ, ಕಂಟೇನರ್ ತನಗೆ ನಿಗದಿಯಾದ ಮೆಮೊರಿ ಮಿತಿಯನ್ನು ಮೀರಿದೆ ಎಂದು ಬಹುತೇಕ ಖಚಿತವಾಗಿ ಹೇಳಬಹುದು.

ಒಂದು ಎಚ್ಚರಿಕೆ ಅಗತ್ಯ: ಕಂಟ್ರೋಲ್-ಡಿ ಅಳಿಸುವ ಮುನ್ನ ದೃಢೀಕರಣ ಕೇಳುತ್ತದೆ, ಕಂಟ್ರೋಲ್-ಕೆ ಕೇಳುವುದಿಲ್ಲ. ಡಿಪ್ಲಾಯ್‌ಮೆಂಟಿಗೆ ಸೇರಿದ ಪಾಡ್ ಅಳಿಸಿಹೋದರೂ ಮತ್ತೆ ಹುಟ್ಟುತ್ತದೆ ಎನ್ನುವುದು ನಿಜವೇ; ಆದರೂ ನಿಜ ಬಳಕೆಯಲ್ಲಿರುವ ಪ್ರೊಡಕ್ಷನ್ ಕ್ಲಸ್ಟರನ್ನು, ಬದಲಾವಣೆಗೆ ಅವಕಾಶ ಕೊಡದ ರೀಡ್‌ಓನ್ಲಿ ಆಯ್ಕೆಯೊಂದಿಗೆ ತೆರೆಯುವುದೇ ಲೇಸು.