‘ವರ್ಲ್ಡ್ ವಾರ್ ಝಡ್’ ಸಿನಿಮಾ ನೋಡಿದವರು ಕಾದಂಬರಿಯನ್ನೂ ಓದಬೇಕೇ?

ಸಿನಿಮಾ ನಿಮಗೆ ಹಿಡಿಸಿದೆ. ಆದರೆ ಹೆಸರು ಬಿಟ್ಟರೆ ಅದಕ್ಕೂ ಮೂಲ ಕಾದಂಬರಿಗೂ ಯಾವ ಸಂಬಂಧವೂ ಇಲ್ಲವೆಂದು ಹಲವರು ಹೇಳುವುದನ್ನು ಕೇಳಿ, ಅಷ್ಟೊಂದು ಬದಲಾವಣೆ ಏಕಾಯಿತು, ಇನ್ನು ಪುಸ್ತಕ ಓದುವುದರಲ್ಲಿ ಅರ್ಥವಿದೆಯೇ ಎಂದು ಕೇಳಿದ್ದೀರಿ. ನಾನು ಮೊದಲು ಕಾದಂಬರಿ ಓದಿ, ಆಮೇಲೆ ಸಿನಿಮಾ ನೋಡಿದವನು. ಖಂಡಿತವಾಗಿ ಓದಿ ಎಂಬುದೇ ನನ್ನ ಉತ್ತರ. ಹಲವರು ಹೇಳುವ ಆ ಮಾತು ಮಾತ್ರ ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲು ಸಿನಿಮಾದ ಕೊನೆಯ ಭಾಗದಲ್ಲಿದೆ.

ಮ್ಯಾಕ್ಸ್ ಬ್ರೂಕ್ಸ್ ಅವರ ಈ ಕಾದಂಬರಿ 2006ರಲ್ಲಿ ಪ್ರಕಟವಾಯಿತು. ಅದರಲ್ಲಿ ನಾಯಕನೆಂಬುವನೇ ಇಲ್ಲ. ಜಾಂಬಿಗಳೊಂದಿಗಿನ ಯುದ್ಧ ಮುಗಿದು ವರ್ಷಗಳು ಕಳೆದಿವೆ. ವಿಶ್ವಸಂಸ್ಥೆಗಾಗಿ ವರದಿ ಬರೆದ ವ್ಯಕ್ತಿಯೊಬ್ಬ, ಭಾವನೆಗಳು ಹೆಚ್ಚಾದವೆಂಬ ಕಾರಣಕ್ಕೆ ಆ ವರದಿಯಿಂದ ಕೈಬಿಟ್ಟ ಹೇಳಿಕೆಗಳನ್ನೆಲ್ಲ ಒಟ್ಟುಗೂಡಿಸಿ ಪುಸ್ತಕ ಮಾಡಿದ್ದಾನೆ. ವೈದ್ಯರು, ಸೈನಿಕರು, ಅಧಿಕಾರಿಗಳು, ಸಾಮಾನ್ಯರು ಒಬ್ಬರಾದ ಮೇಲೊಬ್ಬರು ಮಾತಾಡುತ್ತಾರೆ. ಎರಡನೇ ಮಹಾಯುದ್ಧವನ್ನು ಕಂಡವರ ನೆನಪುಗಳನ್ನು ಅವರದೇ ಮಾತುಗಳಲ್ಲಿ ದಾಖಲಿಸಿದ ಸ್ಟಡ್ಸ್ ಟರ್ಕೆಲ್ ಅವರ ಕೃತಿಯೇ ಇದಕ್ಕೆ ಪ್ರೇರಣೆ. ಹೀಗಾಗಿ, ಪಾತ್ರವೊಂದು ಬದುಕುಳಿಯುತ್ತದೆಯೇ ಎಂಬ ಕುತೂಹಲಕ್ಕೆ ಇಲ್ಲಿ ಎಡೆಯೇ ಇಲ್ಲ. ಮಾತಾಡುತ್ತಿರುವವರು ಬದುಕಿಯೇ ಇದ್ದಾರೆ. ಏನನ್ನು ತೆತ್ತು ಬದುಕಿದರು ಎಂಬುದಷ್ಟೇ ಪ್ರಶ್ನೆ.

ಅದರಲ್ಲಿನ ಯಾಂಕರ್ಸ್ ಕದನದ ಭಾಗವನ್ನು ನಾನು ಎಷ್ಟು ಬಾರಿ ಓದಿದ್ದೇನೋ ಲೆಕ್ಕವಿಲ್ಲ. ನ್ಯೂಯಾರ್ಕ್ ನಗರದ ಪಕ್ಕದ ಆ ಊರಿನಲ್ಲಿ, ಪತ್ರಕರ್ತರ ಕ್ಯಾಮೆರಾಗಳ ಮುಂದೆ, ಅಮೆರಿಕದ ಸೇನೆ ತನ್ನ ಅತ್ಯಾಧುನಿಕ ಶಸ್ತ್ರಗಳೊಂದಿಗೆ ನಿಲ್ಲುತ್ತದೆ ಮತ್ತು ಸೋಲುತ್ತದೆ. ಸೋಲಿನ ಕಾರಣವನ್ನು ಬ್ರೂಕ್ಸ್ ಬಹಳ ಎಚ್ಚರಿಕೆಯಿಂದ ಕಟ್ಟಿದ್ದಾರೆ: ಆ ಶಸ್ತ್ರಗಳೆಲ್ಲ ಶತ್ರುವನ್ನು ಗಾಯಗೊಳಿಸುವುದಕ್ಕೆ, ಬೆದರಿಸುವುದಕ್ಕೆ, ಹಿಮ್ಮೆಟ್ಟಿಸುವುದಕ್ಕೆ ತಯಾರಾದವು, ಆದರೆ ಎದುರಿಗಿರುವುದು ಮಿದುಳು ನಾಶವಾಗುವ ತನಕ ನಡೆಯುತ್ತಲೇ ಇರುವ, ಭಯವೆಂದರೇನೆಂದೇ ತಿಳಿಯದ ಹೆಣಗಳ ಗುಂಪು. ಸೈನಿಕರನ್ನು ಒಬ್ಬರಿಗೊಬ್ಬರು ಬೆಸೆದಿದ್ದ ಸಂಪರ್ಕ ವ್ಯವಸ್ಥೆಯೇ ಕೊನೆಗೆ ಒಬ್ಬನ ಭಯವನ್ನು ಎಲ್ಲರಿಗೂ ಹರಡುತ್ತದೆ.

ಇಂಥ ಪುಸ್ತಕವನ್ನು ಒಬ್ಬ ತಾರೆಯನ್ನು ನಂಬಿದ ಎರಡು ಗಂಟೆಯ ದುಬಾರಿ ಸಿನಿಮಾಕ್ಕೆ ಒಗ್ಗಿಸುವುದು ಸುಲಭವಲ್ಲ. ಬ್ರಾಡ್ ಪಿಟ್ ಅವರ ಸಂಸ್ಥೆ ಹಕ್ಕುಗಳನ್ನು ಕೊಂಡಿತು, ಮಾರ್ಕ್ ಫಾರ್ಸ್ಟರ್ ನಿರ್ದೇಶಿಸಿದರು. ಹಲವರ ನೆನಪುಗಳ ಜಾಗದಲ್ಲಿ ದೇಶದಿಂದ ದೇಶಕ್ಕೆ ಹಾರುವ ಗೆರ್ರಿ ಲೇನ್ ಎಂಬ ಒಬ್ಬನೇ ನಾಯಕ ಬಂದ. ಇದನ್ನು ನಾನು ಒಪ್ಪಿಕೊಳ್ಳಬಲ್ಲೆ. ನನಗೆ ನಿಜವಾಗಿ ನೋವಾದದ್ದು ವೇಗದ ವಿಷಯದಲ್ಲಿ. ಕಾದಂಬರಿಯ ಜಾಂಬಿಗಳು ಕಾಲೆಳೆದುಕೊಂಡು ನಡೆಯುತ್ತವೆ, ಕಚ್ಚಿಸಿಕೊಂಡವರು ಸಾಯುವುದಕ್ಕೂ ಸಮಯ ಹಿಡಿಯುತ್ತದೆ. ಆ ಅವಧಿಯಲ್ಲೇ ಮನೆಯವರು ಗಾಯವನ್ನು ಮುಚ್ಚಿಡುತ್ತಾರೆ, ಔಷಧಿ ಹುಡುಕುತ್ತಾರೆ, ಗಡಿ ದಾಟಿಸುತ್ತಾರೆ. ರೋಗ ಹರಡುವುದೇ ಮಮತೆಯ ಬೆನ್ನೇರಿ. ಸಿನಿಮಾದಲ್ಲಿ ಕಚ್ಚಿದ ಮೇಲೆ ಹನ್ನೆರಡರ ತನಕ ಎಣಿಸುವಷ್ಟರಲ್ಲಿ ಎಲ್ಲ ಮುಗಿದುಹೋಗುತ್ತದೆ. ಮುಚ್ಚಿಡುವುದಕ್ಕೆ, ಅಳುವುದಕ್ಕೆ ಯಾರಿಗೂ ಪುರುಸೊತ್ತೇ ಇಲ್ಲ. ಜೆರುಸಲೇಮಿನ ಗೋಡೆಯನ್ನು ಅವು ಇರುವೆಗಳಂತೆ ಒಂದರ ಮೇಲೊಂದು ಹತ್ತುವ ದೃಶ್ಯ ಕಣ್ಣು ತುಂಬುವಂಥದ್ದು ನಿಜ, ಆದರೆ ಅಲ್ಲಿ ಸತ್ತ ಯಾರ ಮುಖವೂ ನನ್ನ ನೆನಪಿನಲ್ಲಿ ಉಳಿಯಲಿಲ್ಲ.

ಇನ್ನು ಆ ಕೊನೆಯ ಭಾಗ. ಮೊದಲು ಚಿತ್ರೀಕರಿಸಿದ್ದ ಅಂತ್ಯ ರಷ್ಯಾದಲ್ಲಿ ನಡೆಯುವ ಭಾರೀ ಯುದ್ಧವಾಗಿತ್ತು. ಅದು ಕೂಡಿಬರಲಿಲ್ಲವೆಂದು ಕೈಬಿಟ್ಟು, ಡೇಮನ್ ಲಿಂಡೆಲಾಫ್ ಮತ್ತು ಡ್ರೂ ಗೊಡಾರ್ಡ್ ಅವರಿಂದ ಹೊಸ ಅಂತ್ಯ ಬರೆಸಿ, ಮತ್ತೆ ಚಿತ್ರೀಕರಿಸಿದರು. 2012ರ ಡಿಸೆಂಬರ್‌ನಲ್ಲಿ ಬರಬೇಕಿದ್ದ ಸಿನಿಮಾ 2013ರ ಜೂನ್‌ಗೆ ಮುಂದೆ ಹೋಯಿತು. ಹಾಗೆ ಸಿಕ್ಕಿದ್ದೇ ವೇಲ್ಸ್‌ನ ಪ್ರಯೋಗಾಲಯದ ಕಾರಿಡಾರುಗಳು. ಹೆಜ್ಜೆಯ ಸದ್ದೇ ಸಾವಾಗಬಹುದಾದ ಆ ಮೌನದಲ್ಲಿ, ಗಾಜಿನಾಚೆ ನಿಂತು ಹಲ್ಲು ಕಟಕಟಿಸುವ ಒಂದೇ ಒಂದು ಜಾಂಬಿ ಗೋಡೆ ಹತ್ತಿದ ಸಾವಿರಾರು ಜಾಂಬಿಗಳಿಗಿಂತ ಹೆಚ್ಚು ಹೆದರಿಸುತ್ತದೆ. ಮಾರಕ ರೋಗವಿರುವವರನ್ನು ಜಾಂಬಿಗಳು ಕಚ್ಚುವುದಿಲ್ಲವೆಂದು ಊಹಿಸಿ, ತನಗೆ ತಾನೇ ಬೇರೊಂದು ರೋಗವನ್ನು ಚುಚ್ಚಿಕೊಳ್ಳುವ ಮೊದಲು ಗೆರ್ರಿ ಮನೆಯವರಿಗಾಗಿ ಹಾಳೆಯೊಂದರಲ್ಲಿ ಬರೆದ ಮಾತನ್ನು ಕ್ಯಾಮೆರಾಕ್ಕೆ ಹಿಡಿದು ತೋರಿಸುತ್ತಾನೆ. ಕಾದಂಬರಿಯಲ್ಲಿ ಇಂಥ ಪ್ರಯೋಗಾಲಯವೂ ಇಲ್ಲ, ಜಾಂಬಿಗಳಿಂದ ತಪ್ಪಿಸಿಕೊಳ್ಳಲು ರೋಗವನ್ನೇ ಮರೆಯಾಗಿಸಿಕೊಳ್ಳುವ ಉಪಾಯವೂ ಇಲ್ಲ. ಆದರೂ ಒಬ್ಬ ಮನುಷ್ಯ, ಒಂದು ಕೋಣೆ, ಒಂದು ನಿರ್ಧಾರ ಎಂಬ ಅದರ ಅಳತೆ ಸಿನಿಮಾಕ್ಕೆ ದಕ್ಕಿದ್ದು ಇಲ್ಲಿಯೇ ಎಂಬುದು ನನ್ನ ದೃಢವಾದ ಅನಿಸಿಕೆ.

ನಿಮಗೆ ಆ ಪ್ರಯೋಗಾಲಯದ ಭಾಗ ಹಿಡಿಸಿದ್ದರೆ ಕಾದಂಬರಿಯೂ ಹಿಡಿಸುತ್ತದೆ. ಗೆರ್ರಿ ಲೇನ್‌ನನ್ನು ಹುಡುಕಬೇಡಿ, ಒಂದೇ ಉಸಿರಿಗೆ ಮುಗಿಸಲೂ ಹೋಗಬೇಡಿ. ದಿನಕ್ಕೆ ಇಬ್ಬರು ಮೂವರ ಮಾತು ಸಾಕು. ಇಂಗ್ಲಿಷ್ ಕೇಳಿ ಅಭ್ಯಾಸವಿದ್ದರೆ ಹಲವು ನಟರು ದನಿ ನೀಡಿರುವ ಆಡಿಯೋ ಆವೃತ್ತಿಯೂ ಇದೆ. ಯಾಂಕರ್ಸ್‌ನ ಸೈನಿಕನಿಗೆ ಅದರಲ್ಲಿ ದನಿಯಾಗಿರುವವರು ಮಾರ್ಕ್ ಹ್ಯಾಮಿಲ್.