ಒಂದೇ ಹೆಸರು, ನಾಲ್ಕು ಗಡ್ಡೆ

ಪ್ರಶ್ನೆ: ಅಣ್ಣನ ಆರು ವರ್ಷದ ಮಗನ ಕಿರುಮೆದುಳಿನ ಗಡ್ಡೆ ತೆಗೆದಿದ್ದಾರೆ. ಬಯಾಪ್ಸಿಯಲ್ಲಿ ‘ಮೆಡುಲ್ಲೋಬ್ಲಾಸ್ಟೋಮಾ’ ಎಂದಿದೆ. ಈಗ ‘ಐಎಚ್‌ಸಿಗೆ ಬ್ಲಾಕ್ ತನ್ನಿ’ ಅಂತಾರೆ, ಯಾಕೆ?
– ಓದುಗರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ಇದು ಕಿರುಮೆದುಳಿನ ಒಂದು ಕ್ಯಾನ್ಸರ್. ಆ ಹೆಸರಿನಡಿ ವಿಂಟ್, ಎಸ್‌ಎಚ್‌ಎಚ್, ಮೂರನೆಯ ಗುಂಪು, ನಾಲ್ಕನೆಯ ಗುಂಪು ಎಂದು ನಾಲ್ಕು ಗುಂಪುಗಳಿವೆ, ಚಿಕಿತ್ಸೆಯ ಲೆಕ್ಕವೂ ಅದರಂತೆ ಬದಲಾಗುತ್ತದೆ. ಐಎಚ್‌ಸಿ (ಇಮ್ಯುನೋಹಿಸ್ಟೋಕೆಮಿಸ್ಟ್ರಿ) ಎಂದರೆ ಬ್ಲಾಕ್‌ನಿಂದ, ಅಂದರೆ ಮೇಣದಲ್ಲಿ ಹುದುಗಿಸಿಟ್ಟ ಗಡ್ಡೆಯ ತುಣುಕಿನಿಂದ, ಕತ್ತರಿಸಿದ 3–4 ಮೈಕ್ರಾನ್ ತೆಳುವಾದ ಪದರಕ್ಕೆ ಪ್ರತಿಕಾಯ ಹಾಕಿ, ಪ್ರೋಟೀನು ಇದ್ದಲ್ಲಿ ಕಂದು ಬಣ್ಣ ಬರಿಸುವುದು. ಬೀಟಾ-ಕ್ಯಾಟೆನಿನ್ ಎಂಬ ಪ್ರೋಟೀನು ಕೋಶಕೇಂದ್ರದೊಳಗೇ ಕಂಡರೆ ಅದು ವಿಂಟ್ ಗುಂಪು. ಮಕ್ಕಳಲ್ಲಿ ಚಿಕಿತ್ಸೆಗೆ ಅತ್ಯುತ್ತಮವಾಗಿ ಬಗ್ಗುವುದು ಇದೇ. ಗ್ಯಾಬ್1, ಯಾಪ್1 ಎಂಬ ಪ್ರೋಟೀನು ಎರಡೂ ಬಣ್ಣ ಹಿಡಿದರೆ ಎಸ್‌ಎಚ್‌ಎಚ್. ಆಗ ಪಿ53 ಎಂಬ ಪ್ರೋಟೀನನ್ನೂ ನೋಡಲೇಬೇಕು. ಎರಡೂ ಹಿಡಿಯದಿದ್ದರೆ ಮೂರನೆಯದೋ ನಾಲ್ಕನೆಯದೋ. ಅವನ್ನು ಬೇರ್ಪಡಿಸುವುದು ಈ ಬಣ್ಣಗಳ ಕೈಲಾಗದು, ಮಿಥೈಲೇಶನ್‌ನಂಥ (ಡಿಎನ್‌ಎ ಮೇಲಿನ ರಾಸಾಯನಿಕ ಗುರುತು ನೋಡುವ) ಪರೀಕ್ಷೆ ಬೇಕು.

ಎಡವುವುದು ಇಲ್ಲಿ: ವಿಂಟ್‌ನಲ್ಲಿ ಕೆಲವೇ ಕೋಶಗಳ ಕೇಂದ್ರ ಬಣ್ಣ ಹಿಡಿದಿರಬಹುದು, ಸಂಶಯವಿದ್ದರೆ ಬೀಟಾ-ಕ್ಯಾಟೆನಿನ್‌ನ ಜೀನ್ ಆದ ಸಿಟಿಎನ್‌ಎನ್‌ಬಿ1 ಪರೀಕ್ಷೆ ಕೇಳಿ. ಐಎನ್‌ಐ1 ಎಂಬ ಪ್ರೋಟೀನು ‘ಇಲ್ಲ’ ಎಂದು ಬಂದರೆ ಅದು ಎಟಿಆರ್‌ಟಿ ಎಂಬ ಬೇರೆಯೇ ಗಡ್ಡೆ ಇರಬಹುದು. ಆದರೆ ಪಕ್ಕದ ರಕ್ತನಾಳದ ಕೋಶಗಳೂ ಬಿಳಿಚಿಕೊಂಡಿದ್ದರೆ ತಪ್ಪು ಬಣ್ಣದ್ದು, ಗಡ್ಡೆಯದ್ದಲ್ಲ.

ಬ್ಲಾಕ್ ಮೇಣದ್ದು. ನಮ್ಮ ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟು ಹೋಗಬೇಡಿ. ಸ್ಲೈಡು, ಹಳೆಯ ವರದಿ ಎರಡೂ ಜೊತೆಗಿರಲಿ.